ತೆಲುಗು ಚಿತ್ರರಂಗದ ಡಿ. ರಾಮಾನಾಯ್ಡು ಅಷ್ಟು ದೊಡ್ಡ ನಿರ್ಮಾಪಕರಾಗಿದ್ದು ಹೇಗೆ?

ರಾಮಾನಾಯ್ಡು ಆಂಧ್ರದ ಕಾರಂಚೇಡು ಊರಿನ ರೈತ ಕುಟುಂಬದವರು. 1964ರಲ್ಲಿ ಸುರೇಶ್ ಪ್ರೊಡಕ್ಷನ್ಸ್ ಎಂಬ ಚಿತ್ರ ನಿರ್ಮಾಣ ಸಂಸ್ಥೆ ಶುರು ಮಾಡಿದರು. ಮೊದಲ ಚಿತ್ರ ‘ರಾಮುಡು ಭೀಮುಡು’. ಎನ್.ಟಿ.ಆರ್ ದ್ವಿಪಾತ್ರದ ಈ ಚಿತ್ರ ಭರ್ಜರಿಯಾಗಿ ಓಡಿತು.

ಆಮೇಲೆ ಕೆಲವು ಚಿತ್ರಗಳು ಸೋತು ಕೈ ಸುಟ್ಟುಕೊಂಡರು. ಆದರೂ 1971ರಲ್ಲಿ ‘ಪ್ರೇಮನಗರ್’ಗೆ ಧೈರ್ಯವಾಗಿ ದುಡ್ಡು ಹಾಕಿದರು. ಅದು ಸಂಸ್ಥೆಯನ್ನೇ ಉಳಿಸಿತು. ಅವರ ನಿಜವಾದ ಜಾಣತನ ಕಾಣುವುದು ಇಲ್ಲಿಂದ ಮುಂದೆ ಅಂತ ನನಗನ್ನಿಸುತ್ತದೆ: ಗೆದ್ದ ಅದೇ ಕಥೆಯನ್ನು ಶಿವಾಜಿ ಗಣೇಶನ್ ಜೊತೆ ತಮಿಳಿನಲ್ಲಿ, ರಾಜೇಶ್ ಖನ್ನಾ ಜೊತೆ ಹಿಂದಿಯಲ್ಲಿ ಮಾಡಿದರು. ಭಾಷೆಯ ಗಡಿ ಅವರಿಗೆ ಅಡ್ಡಿಯೇ ಆಗಲಿಲ್ಲ.

ಮುಂದೆ ಹೈದರಾಬಾದ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ನೂರಕ್ಕೂ ಜಾಸ್ತಿ ಚಿತ್ರ ನಿರ್ಮಿಸಿ ಗಿನ್ನೆಸ್ ದಾಖಲೆ ಸೇರಿದರು. 2009ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. 2015ರಲ್ಲಿ ತೀರಿಕೊಂಡರು. ಸಂಸ್ಥೆಯನ್ನು ಮಗ ಸುರೇಶ್ ಬಾಬು ಮುಂದುವರಿಸಿದ್ದಾರೆ. ನಟ ವೆಂಕಟೇಶ್ ಇನ್ನೊಬ್ಬ ಮಗ.