ಐತಾರದ ಬಿಡುವು ಶನಿವಾರವೇ ಶುರು: ಸಬ್ಬತ್ ಬಗ್ಗೆ ಓದುಗರ ಪ್ರಶ್ನೆಗಳು

ವಾರಕ್ಕೊಂದು ದಿನ ದುಡಿಮೆ ನಿಲ್ಲಿಸಿ ದೇವರಿಗೆಂದು ಎತ್ತಿಡುವ ಸಬ್ಬತ್ ದಿನದ ಬಗ್ಗೆ ನಮ್ಮ ಭಾಗದ ಕ್ರೈಸ್ತ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇವೆ, ಹೆಸರು ಬಿಟ್ಟಿದ್ದೇವೆ.

ಐತಾರ ಅಂದ್ರ ಮನ್ಯಾಗ ಎಲ್ಲಾರಿಗೂ ಸೂಟಿ, ನನಗೊಬ್ಬಾಕಿಗೆ ದುಪ್ಪಟ್ಟು ಕೆಲಸ. ಚರ್ಚಿನಿಂದ ಬಂದ ಕೂಡ್ಲೇ ಬಿಸಿರೊಟ್ಟಿ, ಕೋಳಿ ಸಾರು, ಸಂಜಿಗೆ ಬೀಗರು. ಸಬ್ಬತ್ ಹೆಂಗಸರಿಗೆ ಇಲ್ಲೇನ್ರಿ?
— ಗೃಹಿಣಿ, ಬೆಟಗೇರಿ

ಇದೆ, ತಾಯಿ. ವಿಮೋಚನಕಾಂಡ 20:10 ತೆರೆದು ನೋಡಿ. ಮಗ, ಮಗಳು, ಆಳು, ಕೆಲಸದವಳು, ದನಕರು, ಊರಲ್ಲಿರುವ ಪರಸ್ಥಳದವನು, ಇಷ್ಟೂ ಮಂದಿ ಆ ದಿನ ದುಡಿಯಬಾರದು ಎಂದು ಒಬ್ಬೊಬ್ಬರನ್ನೇ ಹೆಸರಿಸಿದೆ. ಹೆಂಡತಿಯನ್ನು ಬೇರೆಯಾಗಿ ಹೇಳಿಲ್ಲ. ‘ನೀನು’ ಎಂದಾಗಲೇ ಮನೆಯ ಯಜಮಾನ, ಯಜಮಾನತಿ ಇಬ್ಬರೂ ಅದರಲ್ಲಿ ಬಂದರು ಎಂದು ನಾವು ಓದುತ್ತೇವೆ. ಕೆಲಸದವಳಿಗೇ ಬಿಡುವು ಕೊಟ್ಟ ಆಜ್ಞೆ ಮನೆಯೊಡತಿಯನ್ನು ಒಲೆಯ ಮುಂದೆ ಕೂರಿಸುವುದಿಲ್ಲ.

ದಾರಿಯನ್ನೂ ಬೈಬಲ್ಲೇ ತೋರಿಸಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಕೊಟ್ಟ ಆಹಾರವಾದ ಮನ್ನ ಕೂಡಿಸುವಾಗ ದಿನಕ್ಕೆ ತಲೆಗೊಂದು ಓಮೆರ್ (ಆಗಿನ ಒಂದು ಅಳತೆ), ಆರನೆಯ ದಿನ ಮಾತ್ರ ಎರಡು. ಸುಡುವುದನ್ನೂ ಬೇಯಿಸುವುದನ್ನೂ ಅಂದೇ ಮುಗಿಸಿ ಮಿಕ್ಕಿದ್ದನ್ನು ಇಟ್ಟುಕೊಳ್ಳಿ ಎಂದು ಮೋಶೆ ಹೇಳುತ್ತಾನೆ (ವಿಮೋಚನಕಾಂಡ 16:22-23). ನಮ್ಮ ಸೀಮೆಯ ಅಡಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಯಾಕಂದರೆ ಕಡಕ್ ರೊಟ್ಟಿ ನಮ್ಮಲ್ಲಿದೆ.

ಐದು ಜನರ ಮನೆಗೆ ಎರಡು ಹೊತ್ತಿಗೆ ಸುಮಾರು 20 ರೊಟ್ಟಿ ಬೇಕು. ಕಿಲೋ ಜೋಳದ ಹಿಟ್ಟಿಗೆ 15ರಿಂದ 18 ಬರುತ್ತವೆ, ಒಂದೂಕಾಲು ಕಿಲೋ ಹಿಡಿಯಿರಿ. ಎಸರು ಕುದಿಸಿ ಹಿಟ್ಟು ನಾದಿ, ತೆಳ್ಳಗೆ ಬಡಿದು, ಬೆಂದ ಮೇಲೆ ಉರಿ ಸಣ್ಣ ಮಾಡಿ ಅರಿವೆಯಿಂದ ಒತ್ತುತ್ತ ತೇವ ಆರುವ ತನಕ ಹಂಚಿನ ಮೇಲೇ ಬಿಡಿ. ಆಮೇಲೆ ಒಂದರ ಮೇಲೊಂದು ಪೇರಿಸಬೇಡಿ. ಗೋಡೆಗೆ ಆನಿಸಿ ಎರಡು ತಾಸು ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಬುಟ್ಟಿಗೆ ಹಾಕಿ. ರೊಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ: ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗಿನ ಉಗಿ ನೀರಾಗಿ ರೊಟ್ಟಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಾದರೆ ಬೂಷ್ಟು ಹಿಡಿಯುತ್ತದೆ. ಸಜ್ಜಿ ರೊಟ್ಟಿ ಮಾಡುವವರು ಅದೇ ವಾರ ಬೀಸಿದ ಹಿಟ್ಟು ಬಳಸಿ. ಸಜ್ಜಿಯಲ್ಲಿ ಎಣ್ಣೆಯಂಶ ಹೆಚ್ಚು, ಹಿಟ್ಟು ಹಳತಾದರೆ ಕಹಿಯಾಗುತ್ತದೆ.

ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇರಲಿ. ನೀರು ತಾಗದಿದ್ದರೆ ಇವು ವಾರಗಟ್ಟಲೆ ಇರುತ್ತವೆ. ಎಣಗಾಯಿಗೆ ಹಸಿ ಕೊಬ್ಬರಿ ಹಾಕದೆ ಶೇಂಗಾ, ಎಳ್ಳಿನಲ್ಲೇ ಮಾಡಿ. ಒಲೆಯಿಂದ ಇಳಿಸಿದ ಮೇಲೆ ಮುಚ್ಚಳ ತೆಗೆದು ಬೇಗ ಆರಿಸಿ, ಫ್ರಿಜ್ ಇದ್ದರೆ ಒಳಗಿಡಿ, ಮರುದಿನ ಕುದಿ ಬರುವಂತೆ ಬಿಸಿ ಮಾಡಿ. ಮೊಸರಿಗೆ ಶನಿವಾರ ರಾತ್ರಿ ಎಂಟಕ್ಕೆ ಹೆಪ್ಪು ಹಾಕಿ. ಡಿಸೆಂಬರ್ ಚಳಿಯಲ್ಲಾದರೆ ಪಾತ್ರೆಗೆ ಕಂಬಳಿ ಸುತ್ತಿಡಿ. ಅನ್ನವನ್ನು ಮಾತ್ರ ಹಿಂದಿನ ದಿನ ಮಾಡಿ ಹೊರಗೆ ಇಡಬೇಡಿ. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೇಕೆಂದರೆ ಅಂದೇ ಕುಕ್ಕರಿನಲ್ಲಿ ಒಂದು ಪಾವು ಅಕ್ಕಿ ಇಟ್ಟರಾಯಿತು. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬ ಇಸ್ರಾಯೇಲ್ಯರ ಕಟ್ಟಳೆಯನ್ನು (ವಿಮೋಚನಕಾಂಡ 35:3) ಕ್ರೈಸ್ತ ಸಭೆಗಳು ಸಾಮಾನ್ಯವಾಗಿ ಅಕ್ಷರಶಃ ಹಿಡಿಯುವುದಿಲ್ಲ.

ಕೋಳಿ ಸಾರು ಶನಿವಾರ ರಾತ್ರಿಯ ಊಟಕ್ಕೆ ಹೋಗಲಿ. ಇದನ್ನು ಮನೆಯ ಗಂಡಸರಿಗೆ ನೇರವಾಗಿ ಹೇಳುತ್ತೇವೆ: ಒಬ್ಬಾಕೆ ಮೂರು ತಾಸು ಬೆವರಿದರೆ ಮಾತ್ರ ಸಿಗುವ ಊಟ ಸಬ್ಬತ್ತಿನ ಊಟವಲ್ಲ. ಐತಾರ ಉಂಡ ತಟ್ಟೆ ಉಂಡವರೇ ತೊಳೆಯಲಿ. ಬೀಗರಿಗೂ ಮೊದಲೇ ತಿಳಿಸಿ, ‘ಐತಾರ ಬಂದ್ರ ಕಡಕ್ ರೊಟ್ಟಿ, ಹಿಂಡಿ, ಮೊಸರು’ ಎಂದು. ಒಂದೆರಡು ಸಲಕ್ಕೆ ಎಲ್ಲರಿಗೂ ರೂಢಿಯಾಗುತ್ತದೆ.

ನಮ್ಮ ಓಣಿಗೆ ನಳದ ನೀರು ಬರೋದ ವಾರಕ್ಕೊಮ್ಮೆ, ಈಗ ಐತಾರ ಮುಂಜಾನೆನ ಬಿಡಾಕತ್ತಾರ. ತುಂಬಿದ್ರ ತಪ್ಪೇನು?
— ಹಳೇ ಹುಬ್ಬಳ್ಳಿ

ತುಂಬಿ. ಸಬ್ಬತ್ ದಿನವೂ ಎತ್ತನ್ನು ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು ಯೇಸುವೇ ಕೇಳಿದ್ದಾನೆ (ಲೂಕ 13:15). ನೆಲದ ತೊಟ್ಟಿಗೆ ತೇಲುಗುಂಡಿನ ವಾಲ್ವ್ ಕೂರಿಸಿದರೆ ತುಂಬಿದ ಕೂಡಲೇ ನೀರು ತಾನೇ ನಿಲ್ಲುತ್ತದೆ, ಯಾರೂ ಆರಾಧನೆ ಬಿಟ್ಟು ಕಾಯಬೇಕಿಲ್ಲ. ಕೊಡದಲ್ಲೇ ತುಂಬುವ ಮನೆಯವರು ಅಕ್ಕಪಕ್ಕದವರೊಂದಿಗೆ ಸರದಿ ಮಾಡಿಕೊಳ್ಳಿ. ಆದರೆ ‘ಹೆಂಗೂ ನೀರು ಬಂದೈತಿ’ ಎಂದು ವಾರದ ಅರಿವೆಯನ್ನೆಲ್ಲ ಅಂದೇ ಒಗೆಯಲು ಕೂರಬೇಡಿ.

ನಮ್ಮ ಎತ್ತಿನ ಜೋಡಿ ಎರಡು ಮನಿ ಪಾಲು. ಅವರು ಬಸವಣ್ಣನ ವಾರ ಅಂತ ಸೋಮವಾರ ಹೂಡಂಗಿಲ್ಲ, ನಾವು ಐತಾರ ಹೂಡಂಗಿಲ್ಲ. ಬಿತ್ತಿಗೆ ಹದ ತಪ್ಪತೈತಿ. ಮೆಣಸಿನಕಾಯಿ ಸುಗ್ಗಿಯೊಳಗಂತೂ ಐತಾರ ಸುಮ್ನ ಕುಂದ್ರಾಕ ಆಗೂದಿಲ್ಲ. ಏನ್ ಮಾಡೂಣು?
— ರೈತ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ

ಉಳುವ ಕಾಲದಲ್ಲೂ ಕೊಯ್ಯುವ ಕಾಲದಲ್ಲೂ ಏಳನೆಯ ದಿನ ಬಿಡುವಿರಬೇಕು ಎಂದು ವಿಮೋಚನಕಾಂಡ 34:21 ಎರಡನ್ನೂ ಬಿಡಿಸಿ ಹೇಳಿದೆ. ಧರ್ಮೋಪದೇಶಕಾಂಡ 5:14 ಎತ್ತನ್ನೇ ಹೆಸರಿಸಿದೆ. ನಿಮ್ಮ ಪಾಲುದಾರರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವುದೂ ಆ ಮೂಕ ಪ್ರಾಣಿಯ ಮೇಲಿನ ಕರುಣೆಯೇ. ಇಬ್ಬರೂ ಒಬ್ಬರ ದಿನವನ್ನು ಇನ್ನೊಬ್ಬರು ಗೌರವಿಸಿ.

ಲೆಕ್ಕ ಹಾಕಿದರೆ ನಷ್ಟ ಅನಿಸಿದಷ್ಟು ದೊಡ್ಡದಲ್ಲ. ನಿಮ್ಮ ಹೊಲದಲ್ಲಿ ಎತ್ತು ಎರಡು ದಿನ ನಿಲ್ಲುತ್ತವೆ, ನೀವು ನಿಲ್ಲುವುದು ಒಂದೇ ದಿನ. ಸೋಮವಾರ ಬದು ಕಟ್ಟುವುದು, ಕಸ ತೆಗೆಯುವುದು, ಬೀಜೋಪಚಾರ ಇಂಥ ಕೈಗೆಲಸ ಇಟ್ಟುಕೊಳ್ಳಿ. ಬಿತ್ತಿಗೆಯ ಎರಡು ಮೂರು ವಾರ ಮಾತ್ರ ಬಿಗಿಯಾಗಿರುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದ ಹಸಿ ಮಳೆ ನಿಂತ ಮೇಲೆ ಬೇಗ ಆರುತ್ತದೆ, ಎರಿ (ಕಪ್ಪು ಮಣ್ಣಿನ) ಹೊಲ ಹದಕ್ಕೆ ಬರುವುದೇ ತಡ. ಅವಸರ ಮಾಡಿದರೆ ಕೂರಿಗೆಯ ತಾಳಿಗೆ ಮಣ್ಣು ಮೆತ್ತಿ ಬೀಜ ಸರಿಯಾಗಿ ಇಳಿಯದು. ಹಾಗಾಗಿ ವಾರದ ಕೊನೆಗೆ ಮಳೆಯಾದರೆ ಶನಿವಾರ ಮಸಾರಿಯನ್ನು ಮುಗಿಸಿ, ಎರಿಯನ್ನು ಮಂಗಳವಾರಕ್ಕೆ ಬಿಡಿ. ಕೂರಿಗೆ, ಕುಂಟೆ, ಮಿಣಿ ಎಲ್ಲ ಮೊದಲೇ ನೋಡಿಟ್ಟಿರಬೇಕು. ಶನಿವಾರ ನಸುಕಿನಲ್ಲಿ ಮಿಣಿ ಹುಡುಕುತ್ತ ನಿಂತರೆ ಅರ್ಧ ದಿನ ಹೋದಂತೆಯೇ. ಐತಾರ ಪಾಲುದಾರರು ತಮ್ಮ ಹೊಲಕ್ಕೆ ಎತ್ತು ಹೂಡಿದರೆ ಜಗಳ ಬೇಡ, ಜೋಡಿ ಅವರದ್ದೂ ಹೌದು. ನೀವು ಮಾತ್ರ ಆ ದಿನ ಅದೇ ಜೋಡಿಯನ್ನು ಬಾಡಿಗೆಗೆ ಕಳಿಸಬೇಡಿ. ಟ್ರ್ಯಾಕ್ಟರ್ ಹೇಳಿ ಡ್ರೈವರನಿಂದ ಉಳುಮೆ ಮಾಡಿಸಿಕೊಂಡರೂ ಆಯಿತು ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ನಿಮ್ಮ ಬಿಡುವನ್ನು ಇನ್ನೊಬ್ಬನ ಬೆನ್ನಿನ ಮೇಲೆ ಹೊರಿಸಿದಂತಾಗುತ್ತದೆ.

ಇನ್ನು ಮೆಣಸಿನಕಾಯಿ. ಕಣದಲ್ಲಿ ಹರವಿದ ಕಾಯಿಯ ಮೇಲೆ ಐತಾರ ಮಧ್ಯಾಹ್ನ ಮೋಡ ಕವಿದರೆ ಓಡಿ ತಾಡಪತ್ರಿ ಹೊದಿಸಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೂ ಮೇಲೆತ್ತುವುದಿಲ್ಲವೇ ಎಂದು ಯೇಸು ಕೇಳಿದ ಮಾತಿದು (ಲೂಕ 14:5). ಸೋಮವಾರದ ಪೇಟೆಗೆಂದು ಐತಾರ ಚೀಲ ತುಂಬುವುದು ಬೇರೆ ಮಾತು. ಮಳೆ ಹೇಳಿ ಬರುವುದಿಲ್ಲ, ಸೋಮವಾರದ ಟೆಂಡರ್ ಹೇಳಿಯೇ ಬರುತ್ತದೆ. ಬಿಸಿಲೇರಿದ ಮೇಲೆ ಕಾಯಿ ಗರಿಗರಿಯಾಗಿ ಚೀಲ ತುಂಬುವಾಗ ಮುರಿಯುತ್ತದೆ, ಬೀಜ ಉದುರುತ್ತದೆ. ಇಬ್ಬನಿಗೆ ಸ್ವಲ್ಪ ಮೆತ್ತಗಾಗಿರುವ ಮುಂಜಾನೆಯೇ ತುಂಬಬೇಕು. ಆ ಮುಂಜಾನೆ ಶನಿವಾರದ್ದಾಗಲಿ. ಪೂರ್ತಿ ಒಣಗಿರದಿದ್ದರೆ ಅವಸರದಲ್ಲಿ ತುಂಬಬೇಡಿ, ಚೀಲದೊಳಗೆ ಕಾವು ಹುಟ್ಟಿ ಬೂಷ್ಟು ಬಂದು ಬಣ್ಣ ಹೋಗುತ್ತದೆ. ಅಂಥ ಮಾಲು ಮುಂದಿನ ಪೇಟೆಗೇ ಹೋಗಲಿ.

ಹಾಲು ಕರೆಯುವುದು ಯಾವ ದಿನವೂ ತಪ್ಪದು. ತಪ್ಪಿಸಿದರೆ ಕೆಚ್ಚಲು ಬಾತು ಹಸು ನರಳುತ್ತದೆ. ಮೇವನ್ನಾದರೂ ಶನಿವಾರವೇ ಕೊಯ್ದಿಡಿ: ದೊಡ್ಡ ಹಸುವೊಂದಕ್ಕೆ 15-20 ಕಿಲೋ ಹಸಿ ಮೇವು, 5-6 ಕಿಲೋ ಕಣಕಿ (ಒಣಗಿದ ಜೋಳದ ದಂಟು). ಹಸಿ ಮೇವು ರಾಶಿ ಹಾಕಿದರೆ ರಾತ್ರಿಯೊಳಗೆ ಕಾವೇರುತ್ತದೆ, ನೆರಳಲ್ಲಿ ತೆಳ್ಳಗೆ ಹರವಿ.

ನನ್ನ ರೂಮ್‌ಮೇಟ್ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವನು, ಶನಿವಾರವೇ ಸಬ್ಬತ್ ಎನ್ನುತ್ತಾನೆ. ನಮ್ಮದು ಭಾನುವಾರ. ಯಾರದು ಸರಿ?
— ವಿದ್ಯಾರ್ಥಿ, ಧಾರವಾಡ

ಹತ್ತು ಆಜ್ಞೆಗಳಲ್ಲಿ ಹೇಳಿರುವುದು ಏಳನೆಯ ದಿನವನ್ನೇ, ಅಂದರೆ ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಮುಳುಗುವ ತನಕ. 1863ರಲ್ಲಿ ಸಂಘಟನೆಯಾದ ಅಡ್ವೆಂಟಿಸ್ಟ್ ಸಭೆ ಅದನ್ನೇ ಹಿಡಿದಿದೆ. ಅವರ ವೇಳೆ ಋತುವಿನ ಜೊತೆ ಸರಿಯುತ್ತದೆ: ನಮ್ಮ ಭಾಗದಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 6ಕ್ಕೆ ಮುಳುಗಿದರೆ ಜೂನ್ ಕೊನೆಗೆ 7 ದಾಟುತ್ತದೆ.

ಕರ್ತನಾದ ಯೇಸು ಸತ್ತವರೊಳಗಿಂದ ಎದ್ದು ಬಂದ ದಿನವೆಂದು ವಾರದ ಮೊದಲನೆಯ ದಿನ ಕೂಡುವ ರೂಢಿಯೂ ಅಪೊಸ್ತಲರ ಕಾಲದ್ದೇ (ಅಪೊಸ್ತಲರ ಕೃತ್ಯಗಳು 20:7, 1 ಕೊರಿಂಥ 16:2). ಆಗ ಅದು ಸರ್ಕಾರಿ ರಜೆಯಲ್ಲ. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಅಧಿಕಾರಿ ಪ್ಲೀನಿ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಕೂಡುತ್ತಾರೆ ಎಂದಿದೆ. ಭಾನುವಾರ ಕೆಲಸ ನಿಲ್ಲಿಸುವ ರಾಜಾಜ್ಞೆ ಬಂದದ್ದು 321ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನಿಂದ. ಅದೂ ಪಟ್ಟಣದವರಿಗೆ ಮಾತ್ರ; ಹದ ತಪ್ಪೀತೆಂದು ರೈತರಿಗೆ ವಿನಾಯಿತಿ ಇತ್ತು. ಮೇಲೆ ಬ್ಯಾಡಗಿಯ ರೈತರು ಕೇಳಿದ ಪ್ರಶ್ನೆ ಎಷ್ಟು ಹಳೆಯದು ನೋಡಿ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಅವರು ನೆಟ್ಟ ಸಭೆಗಳಲ್ಲಿ ಆರಾಧನೆಯ ದಿನ ಭಾನುವಾರ.

ನಾವು ಭಾನುವಾರದವರು. ಆದರೂ ಒಬ್ಬನು ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲವನ್ನೂ ಸಮವೆಂದು ಎಣಿಸುತ್ತಾನೆ, ಇಬ್ಬರಿಗೂ ಅವರವರ ಮನಸ್ಸಿನಲ್ಲಿ ನಿಶ್ಚಯವಿರಲಿ ಎಂಬ ಪೌಲನ ಮಾತಿನ (ರೋಮಾಪುರ 14:5) ಆಚೆಗೆ ಹೋಗಿ ತೀರ್ಪು ಕೊಡಲಾರೆವು. ಶುಕ್ರವಾರ ಸಂಜೆಯಿಂದ ರೂಮಿನಲ್ಲಿ ಗದ್ದಲ ಮಾಡಬೇಡಿ, ಭಾನುವಾರ ಅವನೂ ಹಾಗೆ ನಡೆದುಕೊಳ್ಳಲಿ.

ಬಟ್ಟೆ ಅಂಗಡ್ಯಾಗ ಕೆಲಸ. ಐತಾರ ಗಿರಾಕಿ ಜಾಸ್ತಿ ಅಂತ ನನಗ ಮಂಗಳವಾರ ಸೂಟಿ. ನನಗ ಸಬ್ಬತ್ ಹೆಂಗ?
— ಹುಬ್ಬಳ್ಳಿ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯಂತೆ ವಾರಕ್ಕೆ ಒಂದು ಇಡೀ ದಿನ ರಜೆ ನಿಮ್ಮ ಹಕ್ಕು, ಅದಕ್ಕಾಗಿ ಸಂಬಳ ಹಿಡಿಯುವಂತಿಲ್ಲ. ಅದು ಭಾನುವಾರವೇ ಆಗಬೇಕೆಂದು ಮಾತ್ರ ಕಾಯಿದೆ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಭಾನುವಾರದ ರಜೆಯೂ ಹೋರಾಡಿ ಪಡೆದದ್ದೇ. ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳ್ತನದಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರು 1890ರಲ್ಲಿ ಗಳಿಸಿದರು.

ಮಾಲೀಕರನ್ನು ಇಡೀ ಭಾನುವಾರ ಕೇಳುವ ಬದಲು ಮುಂಜಾನೆ ಆರಾಧನೆ ಮುಗಿಸಿ ಬರುವಷ್ಟು ವೇಳೆ ಕೇಳಿ, ಬದಲಿಗೆ ರಾತ್ರಿ ಅಂಗಡಿ ಮುಚ್ಚುವ ತನಕ ನಿಲ್ಲುತ್ತೇನೆ ಎನ್ನಿ. ಹೀಗೆ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಬಿಡುವಿನ ದಿನವನ್ನು ಸೋಮವಾರ ರಾತ್ರಿ ಅಂಗಡಿ ಮುಚ್ಚಿದಲ್ಲಿಂದ ಮಂಗಳವಾರ ರಾತ್ರಿಯ ತನಕ ಹಿಡಿಯಿರಿ. ಇದು ಕೆಡುವುದು ಒಂದೇ ಕಾರಣಕ್ಕೆ: ಬ್ಯಾಂಕು, ಗ್ಯಾಸು, ರೇಷನ್ನು ಎಲ್ಲ ಮಂಗಳವಾರಕ್ಕೇ ಬಂದು ಬೀಳುತ್ತವೆ. ಅವಕ್ಕೆ ಬೇರೆ ದಿನ ಒಂದು ತಾಸು ಗೊತ್ತು ಮಾಡಿ, ಅಥವಾ ಮನೆಯಲ್ಲಿ ಹಂಚಿಕೊಳ್ಳಿ. ಆಸ್ಪತ್ರೆಯ ನರ್ಸ್‌ಗಳು, ರೈಲ್ವೆಯವರೂ ಇದೇ ರೀತಿ 24 ತಾಸು ಎಣಿಸಿಕೊಳ್ಳಬಹುದು. ರಾತ್ರಿ ಪಾಳಿ ಮುಗಿಸಿ ಬಂದವರು ಮೊದಲು ಎಂಟು ತಾಸು ಮಲಗಲಿ, ಎಣಿಕೆ ಎದ್ದ ಮೇಲಿಂದ.

ಭಾನುವಾರ ಸ್ಪರ್ಧಾತ್ಮಕ ಪರೀಕ್ಷೆ ಬಂದರೆ ಬರೆಯಬಹುದೇ?
— ಸಪ್ತಾಪುರ, ಧಾರವಾಡ

ಬರೆಯಿರಿ, ವರ್ಷಕ್ಕೊಮ್ಮೆ ಬರುವ ಅವಕಾಶ. ಸಂಜೆಯ ಆರಾಧನೆಗೆ ಹೋಗಿ. ಕಥೋಲಿಕರಿಗಾದರೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ಆದರೆ ಪ್ರತಿ ಭಾನುವಾರ ಮುಂಜಾನೆ ಕೋಚಿಂಗ್ ಟೆಸ್ಟ್ ಇಟ್ಟುಕೊಳ್ಳುವುದು ಬೇರೆ. ಅದೇ ಪ್ರಶ್ನೆಪತ್ರಿಕೆಯನ್ನು ಶನಿವಾರ ಅಥವಾ ಸೋಮವಾರ ಗಡಿಯಾರ ಇಟ್ಟು ರೂಮಿನಲ್ಲೇ ಬಿಡಿಸಿ.

ಹುಡುಗರು ಐತಾರ ಕ್ರಿಕೆಟ್ ಆಡ್ತಾರ. ಅವರಜ್ಜ ಸಬ್ಬತ್ ದಿನ ಆಟ ಕೂಡದು ಅಂತಾರ.
— ತಾಯಿ, ರಾಣೆಬೆನ್ನೂರು

ಬೀದಿಗಳಲ್ಲಿ ಹುಡುಗ ಹುಡುಗಿಯರು ತುಂಬಿ ಆಡುವುದನ್ನು ಜೆಕರ್ಯ 8:5 ದೇವರ ಆಶೀರ್ವಾದವೆಂದೇ ಚಿತ್ರಿಸಿದೆ ಎಂದು ಅಜ್ಜನವರಿಗೆ ಓದಿ ಹೇಳಿ. ಅವರ ಆತಂಕವನ್ನೂ ತಳ್ಳಿಹಾಕಬೇಡಿ: ಸಂಡೇ ಸ್ಕೂಲ್ ತಪ್ಪಿಸಿ ಮೈದಾನಕ್ಕೆ ಹೋಗುವುದು ಬೇಡ. ಅದು ಮುಗಿದ ಮೇಲೆ ಆಡಲಿ. ಶನಿವಾರ ಮುಂಜಾನೆಯ ಶಾಲೆ ಮುಗಿದು ಬಂದ ಮಧ್ಯಾಹ್ನವೇ ಹೋಂವರ್ಕ್ ಮಾಡಿಸಿ, ಚೀಲ ತುಂಬಿಸಿ, ಸೋಮವಾರದ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಡಿ. ಇಲ್ಲದಿದ್ದರೆ ಐತಾರ ರಾತ್ರಿ ಒಂಬತ್ತಕ್ಕೆ ಮಕ್ಕಳೂ ಅಳುತ್ತಾರೆ, ನಿಮ್ಮ ಬಿಡುವೂ ಅಲ್ಲಿಗೇ ಮುಗಿಯುತ್ತದೆ.