ಓದುಗರ ಪ್ರಶ್ನೆ: ಏಜೆಂಟ್‌ಗೆ ಟೂಲ್ ಬಗ್ಗೆ ಏನಂತ ಬರೆದುಕೊಡಬೇಕು?

ಪ್ರಶ್ನೆ: ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ ಸರ್. ವಿಂಡೋಸ್ ಮತ್ತು ಪಾಠಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲ ಸೇರಿಸಿದ ಮಾಸ್ಟರ್ ಇಮೇಜ್ ಸರ್ವರ್‌ನಲ್ಲಿದೆ, ಅದನ್ನೇ ಎಲ್ಲ ಮಷಿನ್‌ಗೂ ಹಾಕುತ್ತೇವೆ. ಈ ಕೆಲಸಕ್ಕೆ ಒಂದು ಎಐ ಏಜೆಂಟ್ ಜೋಡಿಸಿದ್ದೇವೆ, ನಾವು ಹೇಳಿದ್ದನ್ನು ಓದಿ, ನಾವು ಕೊಟ್ಟ ಸ್ಕ್ರಿಪ್ಟ್‌ಗಳಲ್ಲಿ (ಅವನ್ನೇ ಟೂಲ್ ಅನ್ನುತ್ತಾರೆ) ಬೇಕಾದದ್ದನ್ನು ಆರಿಸಿ ಅದು ತಾನೇ ನಡೆಸುತ್ತದೆ. "12ನೇ ಮಷಿನ್ ಅಪ್‌ಡೇಟ್ ಮಾಡು" ಅಂದರೆ, ಅದು ಆ ಮಷಿನ್‌ನ ಡಿಸ್ಕನ್ನೇ ನಕಲು ಮಾಡಿ ಮಾಸ್ಟರ್ ಇಮೇಜ್ ಮೇಲೆ ಬರೆದುಬಿಟ್ಟಿತು. ಟೂಲ್ ವಿವರಣೆಯಲ್ಲಿ "ಇಮೇಜ್ ಅಪ್‌ಡೇಟ್ ಮಾಡುತ್ತದೆ" ಅಂತಲೇ ಇದೆಯಲ್ಲ?

ಉತ್ತರ: ತೊಂದರೆ ಇರುವುದು ಆ ಸಾಲಿನಲ್ಲೇ. ನಿಮ್ಮ ಸ್ಕ್ರಿಪ್ಟ್ ಒಳಗೆ ಏನಿದೆ ಅಂತ ಏಜೆಂಟ್‌ಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲ್‌ನ ಹೆಸರು, ವಿವರಣೆ, ಮತ್ತು ಕರೆಯುವಾಗ ಏನೇನು ಕೊಡಬೇಕು ಎಂಬ ಪಟ್ಟಿ, ಅಷ್ಟೇ. ಅಷ್ಟನ್ನೇ ಓದಿ ಅದು ಯಾವ ಟೂಲ್ ಅಂತ ಆರಿಸಿಕೊಳ್ಳುತ್ತದೆ. ನಿಮ್ಮಲ್ಲಿ ಒಂದು ಟೂಲ್ ಸರ್ವರ್‌ನಿಂದ ಮಷಿನ್‌ಗೆ ಬರೆಯುತ್ತದೆ, ಇನ್ನೊಂದು ಮಷಿನ್‌ನಿಂದ ಸರ್ವರ್‌ಗೆ. ಎರಡಕ್ಕೂ ಅಪ್‌ಡೇಟ್ ಅನ್ನಬಹುದು ಅಲ್ವಾ? ಏಜೆಂಟ್ ಹಾಗೇ ತಿಳಿದುಕೊಂಡಿದೆ.

ಆದ್ದರಿಂದ ಮೊದಲು ಬರೆಯಬೇಕಾದದ್ದು ಎಲ್ಲಿಂದ ಎಲ್ಲಿಗೆ, ಏನು ಅಳಿಯುತ್ತದೆ, ಏನು ಹಾಗೇ ಉಳಿಯುತ್ತದೆ ಎಂಬುದು. ಉದಾಹರಣೆಗೆ ಹೀಗೆ: "ಸರ್ವರ್‌ನಲ್ಲಿರುವ ಇಮೇಜನ್ನು ಒಂದು ಮಷಿನ್‌ನ ಡಿಸ್ಕ್‌ಗೆ ಬರೆಯುತ್ತದೆ. ಆ ಡಿಸ್ಕ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ವಾಪಸ್ ಬರುವುದಿಲ್ಲ. ಸರ್ವರ್‌ನ ಇಮೇಜ್ ಬದಲಾಗುವುದಿಲ್ಲ. ಮಷಿನ್‌ನಿಂದ ಹೊಸ ಇಮೇಜ್ ಮಾಡಲು ಇದನ್ನು ಬಳಸಬೇಡ, ಅದಕ್ಕೆ ಕ್ಯಾಪ್ಚರ್ ಟೂಲ್ ಇದೆ." ಕೊನೆಯ ವಾಕ್ಯವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಉಪಯೋಗಕ್ಕೆ ಬರುವುದೇ ಅದು, ಯಾಕೆಂದರೆ ಒಂದೇ ತರ ಕಾಣುವ ಎರಡು ಟೂಲ್ ಎದುರಿಗಿದ್ದಾಗ ಯಾವುದು ಬೇಡ ಅಂತ ಹೇಳುವವರು ಬೇರೆ ಯಾರೂ ಇರುವುದಿಲ್ಲ.

ಟೂಲ್ ಕರೆಯುವಾಗ ಏಜೆಂಟ್ ಕೊಡಬೇಕಾದ ಮಾಹಿತಿಯ ಬಗ್ಗೆಯೂ ಅಷ್ಟೇ ಕಾಳಜಿ ಬೇಕು. ಸುಮ್ನೆ "ಮಷಿನ್" ಅಂತ ಬರೆದರೆ ಅದು ಐಪಿ ವಿಳಾಸ ಕೊಡಬಹುದು, "12" ಅಂತ ಕೊಡಬಹುದು, "ಎಲ್ಲ" ಅಂತಲೂ ಕೊಡಬಹುದು. "ಲ್ಯಾಬ್-12 ಎಂಬ ರೂಪದಲ್ಲಿ ಒಂದೇ ಮಷಿನ್‌ನ ಹೆಸರು" ಎಂದು ಬರೆಯಿರಿ. ಇನ್ನೊಂದು ವಿಷಯ. ಇಮೇಜ್ ಬರೆಯುವುದು ನಿಮಿಷಗಟ್ಟಲೆ ಹಿಡಿಯುವ ಕೆಲಸ. ಟೂಲ್ ತಕ್ಷಣ "ಓಕೆ" ಅಂದರೆ ಏಜೆಂಟ್ ಕೆಲಸ ಮುಗಿಯಿತು ಅಂದುಕೊಂಡು ಮಷಿನ್ ರೀಸ್ಟಾರ್ಟ್ ಮಾಡಲು ಹೋಗುತ್ತದೆ, ಅರ್ಧ ಬರೆದ ಡಿಸ್ಕ್ ನಿಮ್ಮ ಪಾಲಿಗೆ. "ಕೆಲಸ ಶುರುವಾಗುತ್ತದೆ, ಜಾಬ್ ನಂಬರ್ ಸಿಗುತ್ತದೆ, ಮುಗಿದಿದೆಯೇ ಎಂದು ಸ್ಟೇಟಸ್ ಟೂಲ್‌ನಲ್ಲಿ ನೋಡು" ಎಂದು ಸ್ಪಷ್ಟವಾಗಿ ಇರಲಿ. ಏನಾದರೂ ತಪ್ಪಾದರೆ ಬರುವ ಸಂದೇಶವೂ ವಿವರಣೆಯ ಭಾಗವೇ. ಬರೀ "ಫೇಲ್" ಅಂದರೆ ಏಜೆಂಟ್ ಮತ್ತೆ ಮತ್ತೆ ಅದನ್ನೇ ಮಾಡಬಹುದು. "ಈ ಹೆಸರಿನ ಇಮೇಜ್ ಇಲ್ಲ, ಇರುವ ಹೆಸರುಗಳಿಗೆ ಪಟ್ಟಿ ಟೂಲ್ ಕರೆ" ಅಂದರೆ ದಾರಿಗೆ ಬರುತ್ತದೆ.

ಕ್ಯಾಪ್ಚರ್ ಟೂಲ್, ಸರ್ವರ್‌ನಲ್ಲಿ ಈಗಾಗಲೇ ಇರುವ ಇಮೇಜ್ ಮೇಲೆ ಬರೆಯದಂತೆ ಸ್ಕ್ರಿಪ್ಟ್‌ನಲ್ಲೇ ತಡೆಯಿರಿ. ಪ್ರತಿ ಸಲ ತಾರೀಕು ಸೇರಿಸಿದ ಹೊಸ ಹೆಸರಿಗೇ ಹೋಗಲಿ.

ಪ್ರಶ್ನೆ: ವಿವರಣೆ ಎಷ್ಟು ಉದ್ದ ಇರಬೇಕು? (ಕೊಪ್ಪಳದ ಓದುಗರು)

ಉತ್ತರ: ಪಟ್ಟಿ ತೋರಿಸುವ ಟೂಲ್‌ಗೆ ಒಂದೆರಡು ಸಾಲು ಸಾಕು. ಅಳಿಸುವ ಟೂಲ್‌ಗೆ ಒಂದು ಪ್ಯಾರಾ ಆದರೂ ಪರವಾಗಿಲ್ಲ. ಎಲ್ಲ ಟೂಲ್‌ಗಳ ವಿವರಣೆಯನ್ನೂ ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ಸಾಮಾನ್ಯವಾಗಿ ಪ್ರತಿ ಸಲ ಓದುತ್ತದೆ, ಆದ್ದರಿಂದ ಸ್ಕ್ರಿಪ್ಟ್ ಯಾವ ಭಾಷೆಯಲ್ಲಿದೆ, ಒಳಗೆ ಯಾವ ಲೈಬ್ರರಿ ಇದೆ ಎಂಬ ಕಥೆ ಬೇಡ.

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಸರ್ವರ್‌ನಲ್ಲಿ ಡಾಕರ್ ಇಮೇಜ್ (ಒಂದು ಪ್ರೋಗ್ರಾಂ ಮತ್ತು ಅದು ನಡೆಯಲು ಬೇಕಾದ ಫೈಲ್ ಎಲ್ಲ ಸೇರಿಸಿದ ಕಟ್ಟು) ತುಂಬಿಹೋಗಿವೆ. "ಬೇಡದ ಇಮೇಜ್ ಅಳಿಸುತ್ತದೆ, ಅಳಿಸುವ ಮುಂಚೆ ಕೇಳು" ಎಂದು ಟೂಲ್‌ಗೆ ಬರೆದಿದ್ದೇನೆ. ಸಾಕೇ?

ಉತ್ತರ: ಸಾಲದು. ಬೇಡದ್ದು ಯಾವುದು ಅಂತ ಯಾರು ಹೇಳಬೇಕು? ಡಾಕರ್‌ನ ಇಮೇಜ್ ಪ್ರೂನ್ ಆಜ್ಞೆ ಸುಮ್ಮನೆ ಕೊಟ್ಟರೆ ಟ್ಯಾಗ್ (ಹೆಸರಿನ ಚೀಟಿ) ಇಲ್ಲದೆ ಬಿದ್ದಿರುವ ಇಮೇಜ್‌ಗಳನ್ನಷ್ಟೇ ತೆಗೆಯುತ್ತದೆ. ಅದಕ್ಕೇ 'ಆಲ್' ಸೇರಿಸಿದರೆ ಯಾವ ಕಂಟೇನರ್‌ಗೂ (ಇಮೇಜ್‌ನಿಂದ ಶುರು ಮಾಡಿದ ಪ್ರೋಗ್ರಾಂ) ಜೋಡಣೆ ಇಲ್ಲದ ಇಮೇಜ್‌ಗಳೆಲ್ಲ ಹೋಗುತ್ತವೆ, ನಾಳೆ ಬೇಕಾಗಬಹುದು ಅಂತ ಇಟ್ಟುಕೊಂಡ ಹಳೆಯ ವರ್ಷನ್ ಕೂಡ. ನಿಮ್ಮ ಟೂಲ್ ಇವೆರಡರಲ್ಲಿ ಯಾವುದನ್ನು ಮಾಡುತ್ತದೆ ಎಂದು ಬರೆಯಿರಿ.

ಒಂದೇ ಇಮೇಜ್ ಅಳಿಸುವ ಟೂಲ್ ಆದರೆ ಟ್ಯಾಗ್ ಬದಲು ಡೈಜೆಸ್ಟ್ ಕೇಳಿ. ಟ್ಯಾಗ್ ಅಂದರೆ ನಿಮ್ಮೂರಿನ ರೈಸ್ ಮಿಲ್‌ನಲ್ಲಿ ಚೀಲಕ್ಕೆ ಕಟ್ಟಿದ ಚೀಟಿ, ಬಿಚ್ಚಿ ಬೇರೆ ಚೀಲಕ್ಕೆ ಕಟ್ಟಬಹುದು. 'ಲೇಟೆಸ್ಟ್' ಅಂತ ಟ್ಯಾಗ್ ಇದ್ದರೆ ಅದೇ ಹೊಸದು ಅಂತೇನೂ ಇಲ್ಲ, ಯಾವ ಟ್ಯಾಗೂ ಕೊಡದಿದ್ದಾಗ ಡಾಕರ್ ತಾನೇ ಹಚ್ಚುವ ಹೆಸರು ಅದು. ಡೈಜೆಸ್ಟ್ ಒಳಗಿನ ವಸ್ತುವಿನಿಂದಲೇ ಲೆಕ್ಕ ಹಾಕಿದ 64 ಅಕ್ಷರದ ಗುರುತು. ಇಮೇಜ್ ಚೂರು ಬದಲಾದರೂ ಅದು ಬದಲಾಗುತ್ತದೆ.

ಇನ್ನು "ಕೇಳು" ಅನ್ನುವುದು. ಅದು ಕೋರಿಕೆ ಮಾತ್ರ, ಬೀಗ ಅಲ್ಲ. ಎಐ ಕಂಪನಿ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ, ಎಐಗೆ ಟೂಲ್ ಜೋಡಿಸುವ ಎಂಸಿಪಿ ಎಂಬ ಮುಕ್ತ ಮಾನದಂಡದಲ್ಲಿ ಟೂಲ್‌ಗೆ "ಓದುತ್ತದೆ ಅಷ್ಟೇ", "ಹಾಳು ಮಾಡಬಹುದು" ಎಂಬ ಗುರುತು ಹಾಕಲು ಈಗ ಅವಕಾಶವಿದೆ, ಅಲ್ಲಿಯೂ ಅವನ್ನು ಸುಳಿವು ಎಂದೇ ಕರೆದಿದ್ದಾರೆ. ನಿಜವಾದ ತಡೆ ಕೋಡ್‌ನಲ್ಲಿ ಇರಬೇಕು. ಮೊದಲ ಸಲ ಕರೆದಾಗ ಯಾವ ಯಾವ ಇಮೇಜ್ ಹೋಗುತ್ತವೆ ಎಂಬ ಪಟ್ಟಿ ಮಾತ್ರ ಬರಲಿ. ನೀವು ನೋಡಿ ಒಪ್ಪಿಗೆ ಒತ್ತಿದ ಮೇಲೆ, ಅದೇ ಪಟ್ಟಿಯಲ್ಲಿರುವುದನ್ನಷ್ಟೇ ಅಳಿಸಲಿ.