ಕೊಳದ ನೀರು ಮತ್ತೆ ಮತ್ತೆ ಹಸಿರಾಗ್ತಿದೆ

ಪ್ರಶ್ನೆ: ಮೇಡಂ, ಹಿತ್ತಲಲ್ಲಿ ಸಣ್ಣ ಕೊಳ ಮಾಡಿ ನೈದಿಲೆ ಹಾಕಿ ಗಪ್ಪಿ ಮೀನು ಬಿಟ್ಟಿದೀವಿ, ಪೂರ್ತಿ ನೀರು ಬದಲಾಯಿಸಿದ್ರೂ ಬೇಗ ಹಸಿರಾಗಿ ಮೀನೇ ಕಾಣ್ಸಲ್ಲ, ಏನ್ ಮಾಡ್ಲಿ?

ಉತ್ತರ: ಮೊದ್ಲು ಗಾಜಿನ ಲೋಟದಲ್ಲಿ ಆ ನೀರು ತುಂಬಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ತಳದಲ್ಲಿ ಕೆಸರು ಕೂತು ಮೇಲೆ ತಿಳಿಯಾಗಿದ್ರೆ ಮಣ್ಣು, ಹಸಿರಾಗೇ ಇದ್ರೆ ಪಾಚಿ. ಪಾಚಿಗೆ ಬಿಸಿಲು, ಗೊಬ್ಬರ ಎರಡೂ ಬೇಕು, ಮೀನಿನ ಫುಡ್ ಉಳಿದು ಕೊಳೆತ್ರೆ ಅದೇ ಗೊಬ್ಬರ ಆಗುತ್ತೆ, ಹಾಗಾಗಿ ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟೇ ಹಾಕಿ. ದಯವಿಟ್ಟು ನೀರೆಲ್ಲಾ ಖಾಲಿ ಮಾಡ್ಬೇಡಿ, ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷ. ಬಿಸಿಲು ತಡೆಯೋಕೆ ನೈದಿಲೆ ಎಲೆ ನೀರಿನ ಅರ್ಧಕ್ಕಿಂತ ಜಾಸ್ತಿ ಭಾಗ ಮುಚ್ಚಬೇಕು, ಅಲ್ಲೀವರೆಗೂ ಸ್ವಲ್ಪ ಅಂತರಗಂಗೆ (ನೀರಿನ ಮೇಲೆ ತೇಲೋ ಗಿಡ) ಬಿಡಿ, ಹೆಚ್ಚಾದದ್ದನ್ನ ಕೆರೆಗೆ ಮಾತ್ರ ಎಸೀಬೇಡಿ, ಕಾಂಪೋಸ್ಟ್ ಗುಂಡಿಗೆ ಹಾಕಿ.